ಹೆಸರು ತೆಗೆದ ಹಾಡು

ಒಂದು ಹಾಡಿಗಾಗಿ ನಾನು ನನ್ನ ಮೋಟಾರ್ ಸೈಕಲ್ ಮಾರಿದೆ. ಹಾಡನ್ನು ಟೇಪಿಗೆ ತುಂಬಿಸಿಕೊಳ್ಳಲು ಮಾರಿದೆ ಎಂದುಕೊಳ್ಳಬೇಡಿ, ಅದಕ್ಕೆ ಅಂಗಡಿಯ ಗಳಿಕೆ ಸಾಲುತ್ತಿತ್ತು. ತುಂಬಿಸಿ ಮುಗಿದಿದ್ದ ಹಾಡಿನೊಳಗಿಂದ ಒಂದು ಹೆಸರನ್ನು ತೆಗೆಯಲು ಮಾರಿದೆ. ಹೆಸರು ಒಂದೇ, ಬರುತ್ತಿದ್ದದ್ದು ಮೂರು ಕಡೆ. ಅದಕ್ಕಾಗಿ ಬೆಳಗಾವಿಯಿಂದ ರೆಕಾರ್ಡಿಂಗ್ ಯಂತ್ರವನ್ನೂ ಅದನ್ನು ನಡೆಸುವವನನ್ನೂ ಎರಡನೆಯ ಸಲ ಕರೆತರಬೇಕಾಯಿತು. ಎರಡನೆಯ ಸಲ ಬಾಡಿಗೆ ಕೇಳಲು ಹೋದವನ ಕೈ ಯಾವಾಗಲೂ ಕೆಳಗಿರುತ್ತದೆ, ಇದು ನೆನಪಿರಲಿ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕ್ಯಾಸೆಟ್ಟಿನ ಕೊನೆಗಾಲದಲ್ಲಿ ಮದುವೆಯಾದವರಿಗೆಲ್ಲ ಆ ಹಾಡು ಗೊತ್ತು. ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು, ಜೊತೆಗೆ ಕಡ್ಡಿಯಿಂದ ಬಡಿಯುವ ಚರ್ಮವಾದ್ಯ ಹಲಗೆ. ಕಾಲೇಜಿನ ಹುಡುಗರು ಅದನ್ನು ‘ನಮ್ಮ ರಾಕ್’ ಎನ್ನುತ್ತಿದ್ದರು. ಹೆಣ್ಣುಮಗಳೊಬ್ಬಳು ಒಡಪು ಹಾಡುತ್ತಾಳೆ. ಗಂಡನ ಹೆಸರು ಬರಬೇಕಾದ ಜಾಗಕ್ಕೆ ಬಂದೊಡನೆ ಎಲ್ಲವೂ ಗಪ್ಪೆಂದು ನಿಲ್ಲುತ್ತದೆ, ಕುಣಿಯುವವರೂ ನಿಲ್ಲುತ್ತಾರೆ. ಆ ಖಾಲಿ ಜಾಗದಲ್ಲಿ ಮದುಮಗಳು ತನ್ನ ಗಂಡನ ಹೆಸರು ಕೂಗಬೇಕು. ಕೂಗಿದ ಮೇಲೆ ಹಲಗೆ ಮತ್ತೆ ಹಾರಿ ಬೀಳುತ್ತದೆ. “ಆ ನಿಂದರೂ ಹಾಡ ಕೊಡ್ರಿ” ಎಂದು ಅಂಗಡಿಗೆ ಬಂದು ಕೇಳುತ್ತಿದ್ದರು. ಆ ನಿಲುಗಡೆಯನ್ನು ಕಟ್ಟಿದವನು ಬಲು ಜಾಣನಿರಬೇಕು ಎಂದು ಹೊಗಳುತ್ತಿದ್ದರು. ಅಲ್ಲಿ ಯಾರ ಜಾಣತನವೂ ಇರಲಿಲ್ಲ. ಆ ಜಾಗ ಹೇಗೆ ಖಾಲಿಯಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ. ತೆಗೆದ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ.

ಗಿಟಾರಿನವನು ಹುಕ್ಕೇರಿಯವನು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ರಿವೈಂಡಿಂಗ್ ಅಂಗಡಿ ಇಟ್ಟಿದ್ದ. ಮದುವೆಗೆ ಮೊದಲು ಗೋವಾದ ಹೋಟೆಲೊಂದರಲ್ಲಿ ಲೈಟಿನ ಕೆಲಸ ಮಾಡಿದ್ದನಂತೆ. ಅಲ್ಲಿಯ ಬ್ಯಾಂಡಿನವರು ಎಸೆಯಲು ಇಟ್ಟಿದ್ದ ಗಿಟಾರನ್ನು ಹೊತ್ತು ತಂದು, ಅದರ ಒಳಗಿನ ಸುರುಳಿಯನ್ನು ಕೂದಲೆಳೆಯಂಥ ತಾಮ್ರದಿಂದ ತಾನೇ ಸುತ್ತಿಕೊಂಡು, ಅದು ಮಾತಾಡುವಂತೆ ಮಾಡಿದ್ದ. ತಂತಿ ಖರೀದಿಗೆ ಗೋಕಾಕಕ್ಕೆ ಬಂದಾಗಲೆಲ್ಲ ನನ್ನ ಕ್ಯಾಸೆಟ್ ಅಂಗಡಿಗೆ ಬಂದು ಪರದೇಶದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಹಾಕಿಸಿ ಕೇಳುವನು.

“ಸಾವ್ಕಾರ್ರ, ಇದರಾಗ ಒಂದ ಹಾಡಷ್ಟ ಚಲೋ ಐತಿ. ಒಂದ ಹಾಡಿಂದಷ್ಟ ರೇಟ್ ಹೇಳ್ರಿ.”

“ಬಾಳಿಹಣ್ಣ ತಿಂದು ಸಿಪ್ಪಿ ವಾಪಸ್ ಕೊಡಾಂವಾ ನೀ,” ಎಂದು ನಾನು ಬೈಯುತ್ತಿದ್ದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ, ಅವನು ಅವರಲ್ಲಿ ಒಬ್ಬ. ಹಾಗೆಯೇ ಸ್ನೇಹ ಬೆಳೆಯಿತು.

ಒಂದು ದಿನ ಅವನು ಕ್ಯಾಸೆಟ್ ಕೇಳದೆ ಕೌಂಟರಿನ ಮೇಲೆ ಮೊಣಕೈ ಊರಿ ಕುಳಿತ. “ಒಡಪಕ ಗಿಟಾರ ಹಚ್ಚೂಣೇನ್ರಿ?” ಎಂದ.

ಒಡಪು ಎಂದರೆ ತಿಳಿಯದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಆದರೆ ಮದುವೆ ಮನೆಗಳಲ್ಲಿ ನಾದಿನಿ ನೆಗೆಣ್ಣಿಯರು ಬಾಗಿಲಿಗೆ ಅಡ್ಡ ನಿಂತು, ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿಯುತ್ತಾರೆ. ಆಗ ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಗಂಡನ ಹೆಸರನ್ನು ಕೂಡಿಸಿ ಹೇಳಬೇಕು. ಅದು ಒಡಪು.

“ಯಾಕೋ? ಒಡಪಾನ ಯಾಕ ಬೇಕ ನಿನಗ?” ಎಂದೆ.

“ನನ್ನ ಹೆಸರ ನಮ್ಮಾಕಿ ಬಾಯಾಗ ಕೇಳಬೇಕಂದ್ರ ಊರಾಗ ಯಾರದಾರ ಮದುವಿ ಆಗಬೇಕ್ರಿ. ಮದುವಿ ಇಲ್ಲದ ತಿಂಗಳದಾಗ ನಾ ಏನ ಮಾಡ್ಲಿ? ಟೇಪಿನ್ಯಾಗ ಇದ್ರ ಬೇಕಾದಾಗ ಹಾಕ್ಕೊಂಡ ಕೇಳಬಹುದಲ್ರಿ.”

ನಾನು ನಕ್ಕೆ. ನಕ್ಕರೂ ವ್ಯಾಪಾರಿಯ ಕಿವಿ ಬೇರೆಯೇ ಕೇಳುತ್ತದೆ. ಮದುವೆ ಎಲ್ಲ ಊರಲ್ಲೂ ಇದೆ, ಒಡಪು ಎಲ್ಲ ಮನೆಯಲ್ಲೂ ಇದೆ, ಗಿಟಾರು ಎಲ್ಲಿಯೂ ಇಲ್ಲ. ಮಾಲು ಓಡುತ್ತದೆ ಎಂದು ನನಗೆ ಅಲ್ಲಿಯೇ ಅನಿಸಿತು.

ಧ್ವನಿ ತುಂಬಿಸಲು ಜಾಗ ಹುಡುಕಿದಾಗ ನನ್ನ ಕಣ್ಣು ಬಿದ್ದದ್ದು ಮೂಡಲಗಿಯ ಹತ್ತಿ ಗೋದಾಮಿನ ಮೇಲೆ. ಹತ್ತಿ ಶಬ್ದ ನುಂಗುತ್ತದೆ. ಗೋಡೆಗೆ ಹತ್ತಿ ತುಂಬಿದ ಅಂಡಿಗೆ ಒಟ್ಟಿದರೆ ಪ್ರತಿಧ್ವನಿ ಸತ್ತುಹೋಗುತ್ತದೆ, ಸ್ಟುಡಿಯೊ ಕಟ್ಟಿದವರು ಬೇರೇನೂ ಮಾಡಿರುವುದಿಲ್ಲ. ಗೋದಾಮಿನ ಮಾಲೀಕರು ಜೈನರು, ವಯಸ್ಸಾದವರು, ಎಲ್ಲರೂ ಕಾಕಾ ಎನ್ನುತ್ತಿದ್ದರು. ಬಾಡಿಗೆಯ ಮಾತೆತ್ತಿದರೆ ಅವರು ಕೈಯಾಡಿಸಿ, “ಗಿಟಾರಕ ಹತ್ತಿ ಹೆದರಂಗಿಲ್ಲಪಾ, ಖರೆ ಬೀಡಿಗಿ ಹೆದರತೈತಿ. ನಿಮ್ಮ ಮಂದಿ ಬೀಡಿ ಸೇದಾಂಗಿಲ್ಲಂದ್ರ ಬರ್ರಿ, ಸೇದಾವರಿದ್ರ ಹೊಳಿ ದಂಡಿಗಿ ಹೋಗಿ ಬಾರಸ್ರಿ,” ಎಂದರು. ಹಲಗೆಯವನ ಬೀಡಿ ಕಟ್ಟನ್ನು ಬಾಗಿಲಲ್ಲಿಯೇ ಕಸಿದುಕೊಂಡು ತಮ್ಮ ಜೇಬಿಗೆ ಇಟ್ಟುಕೊಂಡರು.

ಬೆಳಗಾವಿಯಿಂದ ಬಂದ ರೆಕಾರ್ಡಿಂಗ್ ಮಾಸ್ತರ ಮಿತಭಾಷಿ. ಅವನ ಯಂತ್ರದಲ್ಲಿ ನಾಲ್ಕು ದಾರಿ ಇದ್ದವು. ಒಂದೊಂದು ದಾರಿಗೆ ಒಂದೊಂದು ಧ್ವನಿ ತುಂಬಿ, ಆಮೇಲೆ ಯಾವುದನ್ನು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂದು ಗುಂಡಿ ಎಳೆದು ಕೂಡಿಸಬಹುದು. ಡ್ರಮ್ಮಿಗೆ ಒಂದು ಮೈಕು, ಹಲಗೆಗೆ ಒಂದು, ಹಾಡುವವರಿಗೆ ಒಂದು. ಗಿಟಾರಿನ ದೊಡ್ಡ ಸ್ಪೀಕರ್ ಮಾತ್ರ ಮೂಡಲಗಿಯ ಕರೆಂಟಿನ ಏರಿಳಿತಕ್ಕೆ ಗುಂಯ್ ಎನ್ನುತ್ತಿತ್ತು. ಮಾಸ್ತರ ಅದನ್ನು ಬದಿಗಿಟ್ಟು ಗಿಟಾರಿನ ತಂತಿಯನ್ನು ನೇರವಾಗಿ ಯಂತ್ರಕ್ಕೇ ಚುಚ್ಚಿದ. ಸ್ಪೀಕರಿನಲ್ಲಿ ಬಾರದ ಗಿಟಾರು ಗಿಟಾರೇ ಅಲ್ಲ ಎಂದು ಗಿಟಾರಿನವನು ಬಹಳ ಹೊತ್ತು ಜಗಳಾಡಿದ. ಕರೆಂಟು ಹೋಗುವ ವೇಳೆ ಹತ್ತಿರ ಬಂದದ್ದರಿಂದ ಸೋತ.

ಹಾಡಲು ನಾನು ಆರ್ಕೆಸ್ಟ್ರಾದ ಹುಡುಗಿಯೊಬ್ಬಳನ್ನು ಗೊತ್ತುಮಾಡಿದ್ದೆ. ಅವಳ ದನಿ ಸಕ್ಕರೆಪಾಕ. ಒಡಪು ಅವಳ ಬಾಯಲ್ಲಿ ರೇಡಿಯೋ ಜಾಹೀರಾತಿನಂತೆ ಬರುತ್ತಿತ್ತು. ಪರಕೀಯಳ ಬಾಯಲ್ಲಿ ತನ್ನ ಹೆಸರು ಕೇಳಿ ಗಿಟಾರಿನವನು ಪ್ರತಿಸಲವೂ ತಾಳ ತಪ್ಪಿಸುತ್ತಿದ್ದ. ಅಷ್ಟರಲ್ಲಿ ಅವನ ಹೆಂಡತಿ ತವರೂರು ನಾಗನೂರಿನಿಂದ ರೊಟ್ಟಿಯ ಗಂಟು ಹಿಡಿದು ಬಂದರು. ನಾನು ಅವರಿಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಬಾಗಿಲಲ್ಲಿ ನಿಂತವರಿಗೆ ಹಲಗೆಯವನೇ ತಮಾಷೆಗೆ ಅಡ್ಡ ನಿಂತ.

“ಹೆಸರ ಹೇಳ್ರಿ ಅಕ್ಕಾರ, ಒಳಗ ಬಿಡ್ತೇನಿ.”

“ರೊಟ್ಟಿ ತಿನ್ನಾವ ನೀನ. ಬಿಡದಿದ್ರ ಬಿಡು, ತಗೊಂಡ ಹೋಕ್ಕೇನಿ,” ಎಂದರು ವೈನಿ. ಆದರೂ ನಕ್ಕು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಒಂದೇ ಉಸಿರಿಗೆ ಹೇಳಿಬಿಟ್ಟರು:

“ಸುಟ್ಟ ಮೋಟಾರಕ ತಾಮ್ರ ಸುತ್ತಿ ಜೀವಾ ಕೊಡತಾರ,
ಊಟಕ ಕರದ್ರ ನಮ್ಮ — ಕಿವಿ ಕೇಳಂಗಿಲ್ಲಂತಾರ!”

ನಾನು ಗೆರೆ ಎಳೆದ ಜಾಗದಲ್ಲಿ ಅವನ ಹೆಸರಿತ್ತು. ಗೋದಾಮಿನಲ್ಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಕಾಕಾ ಕೂಡ ನಕ್ಕರು. ಗಿಟಾರಿನವನು ಮಾತ್ರ ನಗಲಿಲ್ಲ, ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದ, ಕಿವಿಯ ತುದಿ ಕೆಂಪಾಗಿತ್ತು. ಮಾಸ್ತರ ನನ್ನ ಕಡೆ ನೋಡಿದ. ಆರ್ಕೆಸ್ಟ್ರಾದ ಹುಡುಗಿಗೆ ಬಸ್ಸಿನ ಚಾರ್ಜು ಕೊಟ್ಟು ಕಳಿಸಿದೆವು.

ವೈನಿ ಮೈಕಿನ ಮುಂದೆ ಒಬ್ಬರೇ ನಿಲ್ಲಲು ಒಪ್ಪಲಿಲ್ಲ. “ಗ್ವಾಡಿ ಮುಂದ ನಿಂತ ಯಾರಿಗಿ ಹೆಸರ ಹೇಳ್ಲಿ? ಬಾಗಲದಾಗ ನಿಂದರತೇನಿ, ನೀವೆಲ್ಲಾ ಎದುರಿಗಿರ್ರಿ,” ಎಂದರು. ಆದ್ದರಿಂದ ಎಲ್ಲರೂ ಒಂದೇ ಕಡೆ, ಒಟ್ಟಿಗೆ ಬಾರಿಸಿದರು. ಆಕೆಯ ದನಿ ಡ್ರಮ್ಮಿನ ಮೈಕಿಗೂ ಹಲಗೆಯ ಮೈಕಿಗೂ ನುಗ್ಗುತ್ತಿದೆ, ಮುಂದೆ ಬೇರ್ಪಡಿಸಲು ಬರುವುದಿಲ್ಲ ಎಂದು ಮಾಸ್ತರ ಹೇಳಿದ. “ಬ್ಯಾರೆ ಮಾಡೂ ಪಾಳಿ ಯಾಕ ಬರತೈತ್ರಿ?” ಎಂದೆ. ಆ ಹೊತ್ತಿನ ಮಟ್ಟಿಗೆ ಅದು ಸರಿಯಾದ ಮಾತೇ ಆಗಿತ್ತು.

ಹಾಡು ಮುಗಿಯಿತು. ಮೂರು ಒಡಪು, ಮೂರರಲ್ಲೂ ಆ ಹೆಸರು. ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಕೇಳಿಸಲು ಒಂದು ಕ್ಯಾಸೆಟ್ ಕಳಿಸಿದೆ. ಗಿಟಾರಿನವನು ತನಗೂ ಒಂದು ಬೇಕೆಂದ. ಮಾರುವ ಕ್ಯಾಸೆಟ್ಟು ಅಚ್ಚಾಗಿ ಬಂದ ಮೇಲೆ ಕೊಡುತ್ತೇನೆ, ಅವಸರ ಬೇಡ ಎಂದೆ.

ಅವಸರ ಮಾಡಿದ್ದು ಹೆದ್ದಾರಿ. ಆಗ ಹತ್ತರಗಿಯ ಹತ್ತಿರ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು, ಗಾಡಿಗಳನ್ನು ಇವತ್ತು ಈ ಬದಿಗೆ, ನಾಳೆ ಆ ಬದಿಗೆ ತಿರುಗಿಸುತ್ತಿದ್ದರು. ಸುತ್ತಿ ಮುಗಿಸಿದ ಮೋಟಾರನ್ನು ಗಿರಾಕಿಯೊಬ್ಬರಿಗೆ ಮುಟ್ಟಿಸಿ, ಮಟಮಟ ಮಧ್ಯಾಹ್ನ ಸ್ಕೂಟರಿನಲ್ಲಿ ಮನೆಗೆ ಮರಳುತ್ತಿದ್ದ ಗಿಟಾರಿನವನು ಎದುರಿಗೆ ಬಂದ ಲಾರಿಗೆ ಸಿಕ್ಕ. ಸುದ್ದಿ ಅಂಗಡಿಗೆ ಬಂದಾಗ ನಾನು ಯಾರಿಗೋ ಖಾಲಿ ಕ್ಯಾಸೆಟ್ಟಿನ ದರ ಹೇಳುತ್ತಿದ್ದೆ. ಆ ದರ ಎಷ್ಟೆಂದು ಈಗಲೂ ನೆನಪಿದೆ. ಆಮೇಲಿನದು ಅವನ ಮಣ್ಣಿಗೆ ಹೋಗುವವರೆಗೆ ಏನೂ ನೆನಪಿಲ್ಲ.

ದಿವಸದ ಕಾರ್ಯವೆಲ್ಲ ಮುಗಿದ ಮೇಲೆ ನಾನು ಹುಕ್ಕೇರಿಗೆ ಹೋದೆ. ಹೋಗುವ ಮೊದಲೇ ಹುಬ್ಬಳ್ಳಿಯಿಂದ ಫೋನು ಬಂದಿತ್ತು. ಸಗಟು ವ್ಯಾಪಾರಿಗೆ ಹಾಡು ಹಿಡಿಸಿತ್ತು, ಸಾವಿನ ಸುದ್ದಿ ಕೇಳಿ ಇನ್ನಷ್ಟು ಹಿಡಿಸಿತ್ತು. “ಹೆಂಡತಿ ಹೆಸರ ಹಿಡದ ಕರೀತಾಳ, ಗಂಡ ಇಲ್ಲ. ಮಂದಿ ಅತಗೊಂತ ತಗೋತಾರ್ರಿ. ಮ್ಯಾಲೆ ಹಾರಾ ಹಾಕಿದ ಫೋಟೋ ಹಾಕೂಣು,” ಎಂದಿದ್ದ. ಅವನು ಹೇಳಿದ ದರ ನಾನು ಎಂದೂ ಕಾಣದ ದರ. ಮನೆಯವರನ್ನು ಕೇಳಿ ಹೇಳುತ್ತೇನೆ ಎಂದೆ.

ಪಡಸಾಲೆಯಲ್ಲಿ ಅವನ ತಾಯಿ ಗೋಡೆಗೆ ಒರಗಿ ಕುಳಿತಿದ್ದರು. ಹುಬ್ಬಳ್ಳಿಯವನ ಮಾತು ಹೇಳಿದೊಡನೆ ಅವರು ನೆಟ್ಟಗೆ ಕುಳಿತರು. “ಗಂಡ ಇಲ್ಲದಾಕಿ ಒಡಪ ಹೇಳ್ತಾಳೇನೋ ಯಪ್ಪಾ? ಅದೂ ಕಂಡಕಂಡವರ ಮದುವ್ಯಾಗ, ಟೇಪಿನ್ಯಾಗ? ಹೊಳ್ಯಾಗ ಒಗದ ಬಾ ಅದನ.”

ವೈನಿ ಒಳಬಾಗಿಲಲ್ಲಿ ನಿಂತಿದ್ದರು. ಅಲ್ಲಿಂದಲೇ ಹೇಳಿದರು.

“ಒಗೀಬ್ಯಾಡ್ರಿ ಅಣ್ಣಾರ. ಅವರ ಬಾರಿಸಿದ್ದ ಅದೊಂದ ಉಳದೈತಿ. ಅದ ಇರ್ಲಿ, ಮಂದಿ ಕೇಳ್ಲಿ. ನನ್ನ ಬಾಯಾಗಿಂದ ಹೆಸರಷ್ಟ ತಗೀರಿ.”

ನನ್ನ ವ್ಯಾಪಾರಿ ಬುದ್ಧಿ ದಾರಿ ಹುಡುಕಿತು. “ಬ್ಯಾರೇದವರ ಕಡಿಂದ ಹಾಡಸ್ಲೇನ್ರಿ ವೈನಿ?”

“ನನ್ನ ಗಂಡನ ಹೆಸರ ಮತ್ತೊಬ್ಬಾಕಿ ಬಾಯಾಗ?” ಎಂದರು. ಅಷ್ಟಕ್ಕೇ ಅದು ಮುಗಿಯಿತು. ಆಮೇಲೆ ದನಿ ತಗ್ಗಿಸಿ ಹೇಳಿದರು, “ಆ ಹೆಸರ ನಾ ಅವರಿಗಿ ಕೇಳಸಾಕ ಹೇಳಿದ್ನಿರಿ. ಕೇಳಾವರ ಇಲ್ಲ. ಪ್ಯಾಟ್ಯಾಗ ಯಾರಿಗಿ ಹೇಳ್ಲಿ? ಆದ್ರ ಅವರ ಬಾರಿಸಿದ್ದ ಒಂದ ತಂತೀನೂ ಕಡೀಬ್ಯಾಡ್ರಿ.”

ಹೀಗೆ ಕೆಲಸ ಗೊತ್ತಾಯಿತು. ಹೆಸರು ಹೋಗಬೇಕು, ಗಿಟಾರು ಒಂದಿಷ್ಟೂ ಹೋಗಬಾರದು. ಅತ್ತೆ ಸೊಸೆಯ ಮುಖ ನೋಡಿ ಮತ್ತೆ ಗೋಡೆಗೆ ಒರಗಿದರು.

ಮಾಸ್ತರನನ್ನೂ ಯಂತ್ರವನ್ನೂ ಗೋಕಾಕಕ್ಕೆ ತರಿಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿದೆ. ಕೆಲಸ ಸುಲಭ ಎಂದುಕೊಂಡಿದ್ದೆ. ಆಕೆಯ ದನಿಗೆ ಬೇರೆ ದಾರಿ ಇದೆಯಲ್ಲ, ಹೆಸರು ಬರುವಾಗ ಆ ಗುಂಡಿಯನ್ನು ಇಳಿಸಿದರಾಯಿತು. ಇಳಿಸಿ ಒಂದು ಪ್ರತಿ ತೆಗೆದೆವು. ಅಂಗಡಿಯ ಸಣ್ಣ ಸ್ಪೀಕರಿನಲ್ಲಿ ಸರಿಯಾಗಿಯೇ ಕೇಳಿತು. ಅದನ್ನು ಹಿಡಿದು ಹುಕ್ಕೇರಿಗೆ ಹೋದೆ.

ಅವನ ಮನೆಯಲ್ಲಿದ್ದ ಟೇಪ್ ರೆಕಾರ್ಡರು ದೊಡ್ಡದು, ಅವನೇ ಸ್ಪೀಕರ್ ಕಟ್ಟಿ ಕೂರಿಸಿದ್ದು. ಹಾಡು ಶುರುವಾಯಿತು. ಮೊದಲ ಒಡಪಿನ ಹೆಸರಿನ ಜಾಗ ಬಂತು. ಮುಂದೆ ಕೇಳುತ್ತಿದ್ದ ವೈನಿಯ ದನಿ ನಿಂತಿತು. ನಿಂತ ಮೇಲೆ, ಹಲಗೆ ಡ್ರಮ್ಮಿನ ಹಿಂದಿನಿಂದ, ಎಲ್ಲಿಯೋ ದೂರದಿಂದ, ಆ ಹೆಸರು ಕೇಳಿಸಿತು. ಮಾಸ್ತರ ಮೂಡಲಗಿಯಲ್ಲಿ ಹೇಳಿದ್ದು ಇದನ್ನೇ, ಬಡಿಯುವವರ ಮೈಕುಗಳು ಆಕೆಯ ದನಿಯನ್ನೂ ಎತ್ತಿಕೊಂಡಿದ್ದವು. ಪೂರ್ತಿ ದನಿಯಲ್ಲಿ ಅದು ಒಡಪಾಗಿತ್ತು. ಈಗ ಹಿತ್ತಲಿನಿಂದ ಯಾರೋ ಕರೆದಂತೆ ಇತ್ತು.

ತಾಯಿ ತಟ್ಟನೆ ಹಿತ್ತಲ ಬಾಗಿಲ ಕಡೆ ತಿರುಗಿದರು. “ಯಾರ ಕರದ್ರ?” ಎಂದರು.

ನಾನು ಟೇಪು ಬಂದ್ ಮಾಡಿದೆ. ವೈನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು.

ಮರಳಿ ಬಂದು ಇನ್ನೊಂದು ದಾರಿ ನೋಡಿದೆವು. ಡ್ರಮ್ಮಿನವನನ್ನೂ ಹಲಗೆಯವನನ್ನೂ ಕರೆಸಿ, ಗಿಟಾರನ್ನು ಕೇಳಿಸುತ್ತ ಹೊಸದಾಗಿ ಬಾರಿಸಲು ಹೇಳಿದೆವು. ಸಾಧ್ಯವಾಗಲಿಲ್ಲ. ಗಿಟಾರಿನವನು ಗಡಿಯಾರದಂತೆ ಬಾರಿಸುವವನಲ್ಲ, ಹುರುಪು ಬಂದಾಗ ಓಡುತ್ತಿದ್ದ, ನಗು ಬಂದಾಗ ನಿಧಾನಿಸುತ್ತಿದ್ದ. ಅವನ ಕಾಲಿನ ಹೆಬ್ಬೆರಳು ನೋಡಿಕೊಂಡು ಇವರು ಬಡಿಯುತ್ತಿದ್ದರು. ಈಗ ನೋಡಲು ಹೆಬ್ಬೆರಳು ಇರಲಿಲ್ಲ. ಹಲಗೆಯವನು ಮೂರು ನಾಲ್ಕು ಸಲ ತಪ್ಪಿ, ಕಡ್ಡಿ ಕೆಳಗಿಟ್ಟು, “ಅಂವಾ ಎಲ್ಲಿ ಹೊಳ್ಳತಾನ ಅಂತ ಕಾಣವಲ್ದರಿ ಸಾವ್ಕಾರ್ರ. ನನಗ ಹಚ್ಚಬ್ಯಾಡ್ರಿ ಈ ಕೆಲಸ,” ಎಂದು ಎದ್ದು ಹೋದ. ನಾನು ತಡೆಯಲಿಲ್ಲ.

ಟೇಪನ್ನೇ ಬ್ಲೇಡಿನಿಂದ ಕತ್ತರಿಸಿ ಅಂಟಿಸಬಹುದು ಎಂದ ಮಾಸ್ತರ. ಕತ್ತರಿಸಿದರೆ ಗಿಟಾರೂ ತುಂಡಾಗುತ್ತದೆ. ಅದು ಆಗದು ಎಂದೆ. ಯಂತ್ರದ ಬಾಡಿಗೆ ಓಡುತ್ತಲೇ ಇತ್ತು. ಬೈಕು ಹೋದದ್ದು ಆಗ. ಕೊಳ್ಳಲು ಬಂದವನು ಕೇಳಿದಷ್ಟಕ್ಕೇ ಕೊಟ್ಟೆ. ಚೌಕಾಸಿ ಮಾಡಲು ಮನಸ್ಸು ಗಟ್ಟಿಯಿರಬೇಕು, ಆ ದಿನ ಇರಲಿಲ್ಲ.

ಕೊನೆಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. “ಆಕಿ ದನಿ ಯಾವ ದಾರ್ಯಾಗ ಇಲ್ಲ?”

“ಗಿಟಾರದಾಗಷ್ಟ ಇಲ್ಲ,” ಎಂದ ಮಾಸ್ತರ. “ಅದ ನೇರ ತಂತೀಲೆ ಬಂದೈತಲ್ರಿ.”

“ಹಂಗಾದ್ರ ಆ ಮೂರ ಕಡೆ ಉಳದದ್ದೆಲ್ಲಾ ಬಂದ್ ಮಾಡ್ರಿ. ಗಿಟಾರಷ್ಟ ಇರ್ಲಿ.”

ಮಾಸ್ತರ ಕುರ್ಚಿಯಲ್ಲಿ ಹಿಂದಕ್ಕೆ ಸರಿದ. “ಓಡೂ ಹಾಡ ಒಮ್ಮೆಲೆ ನಿಂತಂಗ ಆಕ್ಕೈತ್ರಿ. ಟೇಪ ಕೆಟ್ಟೈತಿ ಅಂತ ಗಿರಾಕಿ ವಾಪಸ್ ತರ್ತಾರ.”

ಹುಬ್ಬಳ್ಳಿಯವನಿಗೆ ಫೋನು ಮಾಡಿದೆ. ಖಾಲಿ ಜಾಗವನ್ನು ಯಾರು ಕೊಳ್ಳುತ್ತಾರೆ ಎಂದು ಅವನೂ ಕೇಳಿದ. ಹೆಸರಿದ್ದರೆ ಹೇಳಿದ ದರ, ಇಲ್ಲದಿದ್ದರೆ ನೀನೇ ಮಾರಿಕೋ ಎಂದ. ಮಾರಿಕೊಳ್ಳುತ್ತೇನೆ ಎಂದೆ. ಹೇಳಿ ಫೋನು ಇಟ್ಟೆ, ಮಾತು ಆಗಿಹೋಯಿತು. ವ್ಯಾಪಾರದಲ್ಲಿ ಲಾಭ ಬಿಡುವ ಮಾತನ್ನು ಬೇಗ ಆಡಿಬಿಡಬೇಕು. ಕುಳಿತು ಲೆಕ್ಕ ಹಾಕಿದರೆ ಬಾಯಿ ಬರುವುದಿಲ್ಲ.

ಮೂರು ಗುಂಡಿಗಳನ್ನು ಒಟ್ಟಿಗೆ ಇಳಿಸಬೇಕಿತ್ತು. ಮಾಸ್ತರನ ಎರಡೂ ಕೈ ಡ್ರಮ್ಮಿಗೂ ಹಲಗೆಗೂ ಬೇಕಾದವು, ಆಕೆಯ ದನಿಯ ಗುಂಡಿ ನನ್ನ ಪಾಲಿಗೆ ಬಂತು. ತುಸು ತಡವಾದರೆ ಹೆಸರಿನ ಮೊದಲಕ್ಷರ ನುಸುಳುತ್ತಿತ್ತು, ತುಸು ಬೇಗವಾದರೆ ಹಿಂದಿನ ಮಾತು ತುಂಡಾಗುತ್ತಿತ್ತು. ಆಕೆ ಹೆಸರು ಹೇಳುವ ಮುನ್ನ ಸಣ್ಣದಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಆ ಉಸಿರನ್ನು ಗುರುತಿಟ್ಟುಕೊಂಡು ಇಳಿಸುವುದನ್ನು ಕಲಿತೆ.

ಸರಿಯಾಗಿ ಇಳಿದ ಮೊದಲ ಸಲ ಇಬ್ಬರೂ ಸ್ಪೀಕರಿನ ಕಡೆ ಬಾಗಿದೆವು. ಅಲ್ಲಿ ಗಿಟಾರಿನ ಭಾರಿ ಓಟವಿರುತ್ತದೆ, ಖಾಲಿ ಜಾಗವನ್ನು ಅದು ತುಂಬುತ್ತದೆ ಎಂದು ನಾನು ನಂಬಿದ್ದೆ. ಇರಲಿಲ್ಲ. ಒಂದೇ ತಂತಿ, ಮೆಲ್ಲಗೆ ಮೀಟಿ ಬಿಟ್ಟದ್ದು, ತಾನಾಗಿ ಸವೆಯುತ್ತ ಹೋಗುವುದು.

“ಇಲ್ಲಿ ಇಂವಾ ಬಾರಸೂದ ಬಿಟ್ಟಾನಲ್ರಿ,” ಎಂದ ಮಾಸ್ತರ. ಎರಡನೆಯ ಜಾಗ ನೋಡಿದೆವು, ಮೂರನೆಯದನ್ನೂ. ಮೂರರಲ್ಲೂ ಹಾಗೆಯೇ. ಉಳಿದ ಹಾಡಿನಲ್ಲಿ ಒಂದು ಗಳಿಗೆಯೂ ಸುಮ್ಮನಿರದ ಕೈ, ಹೆಂಡತಿ ಹೆಸರು ಹೇಳುವಾಗ ಮಾತ್ರ ನಿಂತಿತ್ತು. ಅವನು ಕೇಳುತ್ತಿದ್ದ. ಡ್ರಮ್ಮು ಹಲಗೆಗಳ ಗದ್ದಲದಲ್ಲಿ ಇದು ಆಗ ನಮಗಾರಿಗೂ ತಿಳಿದಿರಲಿಲ್ಲ.

ಅದನ್ನು ಹುಕ್ಕೇರಿಗೆ ಒಯ್ದೆ. ಈ ಸಲ ಬಸ್ಸಿನಲ್ಲಿ. ತಾಯಿ ಪಡಸಾಲೆಯಲ್ಲಿಯೇ ಕುಳಿತರು, ವೈನಿ ಕಂಬ ಹಿಡಿದು ನಿಂತರು. ಮೂರೂ ಜಾಗಗಳು ದಾಟಿದವು. ಹಾಡು ಮುಗಿದ ಮೇಲೆ ವೈನಿ ಅಂದರು, “ಊಟಕ ಕರದಾಗೂ ಹಿಂಗ ಕುಂದರ್ತಿದ್ರು. ಕೇಳಸ್ತಿತ್ತ ಅವರಿಗಿ. ಇನ್ನೊಮ್ಮೆ ಕರೀಲಿ ಅಂತ ಸುಮ್ಮನಿರ್ತಿದ್ರು.”

ನಾನು ಕೇಳಿದೆ, “ಹೆಸರಿದ್ದ ಪ್ರತಿ ನಿಮ್ಮ ಸಲುವಾಗಿ ಒಂದ ಇಡ್ಲೇನ್ರಿ?”

“ಬ್ಯಾಡ್ರಿ. ಇದ್ರ ದಿನಾ ಹಾಕ್ತೇನಿ. ನಾ ಮುಂದ ಬದುಕ ಮಾಡಬೇಕ್ರಿ.”

ಹುಬ್ಬಳ್ಳಿಗೆ ಕಳಿಸಿದ್ದ ಕ್ಯಾಸೆಟ್ಟನ್ನು ಹೋಗಿ ಮರಳಿ ತಂದು ಅಳಿಸಿದೆ. ಮೂಲ ಟೇಪಿನಿಂದ ಹೆಸರು ಅಳಿಸುವ ಕೆಲಸಕ್ಕೆ ಮಾಸ್ತರ ಒಪ್ಪಲಿಲ್ಲ. “ಧ್ವನಿ ತುಂಬೂದ ನನ್ನ ಕೆಲಸರಿ. ಇದನ್ನ ನೀವ ಒತ್ರಿ,” ಎಂದು ಹೊರಗೆ ಹೋಗಿ ನಿಂತ. ನಾನೇ ಒತ್ತಿದೆ. ಯಂತ್ರಕ್ಕೆ ಏನು, ತುಂಬುವಾಗ ತಿರುಗಿದಂತೆಯೇ ತಿರುಗಿತು.

ಮಾಸ್ತರ ಹೇಳಿದ್ದೇ ಆಯಿತು. ಗೋಕಾಕದಲ್ಲಿಯೂ ಮೂಡಲಗಿಯ ಸಂತೆಯಲ್ಲಿಯೂ ನಾನೇ ನಿಂತು ಮಾರಿದೆ, ಕೊಂಡವರು ನಡುವೆ ನಿಲ್ಲುತ್ತದೆ ಎಂದು ವಾಪಸು ತಂದರು. ಬದಲಿ ಕೊಟ್ಟೆ, ಅದೂ ನಿಂತಿತು. “ಎಲ್ಲಾ ಮಾಲೂ ಕೆಟ್ಟದ್ದ ತಂದಿರೇನ್ರಿ?” ಎಂದು ನಕ್ಕರು. ಹತ್ತರಗಿಯ ಧಾಬಾದಲ್ಲಿ ಇಟ್ಟಿದ್ದ ಕಟ್ಟು ಹಾಗೆಯೇ ಧೂಳು ತಿಂದಿತು.

ತಿರುಗಿಸಿದ್ದು ನಾಗನೂರಿನ ಒಂದು ಮದುವೆ. ಸೌಂಡಿನವನು ಆ ಕ್ಯಾಸೆಟ್ ಹಾಕಿದ್ದನಂತೆ. ಗಂಡಿನ ಮನೆಯ ಬಾಗಿಲಲ್ಲಿ ಹೆಣ್ಣುಮಕ್ಕಳು ಮದುಮಗಳನ್ನು ತಡೆದು ನಿಂತಿದ್ದ ಹೊತ್ತಿಗೇ ಹಾಡು ಒಡಪಿಗೆ ಬಂದು ಗಪ್ಪಾಯಿತು. ಎಲ್ಲರೂ ಮದುಮಗಳ ಕಡೆ ತಿರುಗಿ, “ಹೇಳ, ಹೇಳ!” ಎಂದರು. ಆ ಹುಡುಗಿ ಹೆಸರು ಹೇಳಿಬಿಟ್ಟಳು. ಅಷ್ಟೇ ಸಾಕಾಯಿತು. ಲಗ್ನದ ಹಂಗಾಮು ಮುಗಿಯುವುದರೊಳಗೆ ಆ ಹಾಡಿಲ್ಲದೆ ಹೊಸ್ತಿಲು ದಾಟಿಸುವುದಿಲ್ಲ ಎಂಬಂತೆ ಆಯಿತು. ಆಗ ಹುಬ್ಬಳ್ಳಿಯವನೇ ಗೋಕಾಕಕ್ಕೆ ಬಂದ. ಅವನ ಜೊತೆ ನಾನು ಮನಸಾರೆ ಚೌಕಾಸಿ ಮಾಡಿದೆ. ಬಂದದ್ದರಲ್ಲಿ ಗಿಟಾರಿನ ಪಾಲು ಹುಕ್ಕೇರಿಗೆ ಮುಟ್ಟಿತು. ವೈನಿ ರಿವೈಂಡಿಂಗ್ ಅಂಗಡಿಯನ್ನು ಮುಚ್ಚಲಿಲ್ಲ. ಗಂಡನಿರುವಾಗಲೇ ತಂತಿ ಸುತ್ತಲು ಕುಳಿತವರು, ಈಗ ಪೂರ್ತಿ ತಾವೇ ನಡೆಸಿದರು.

ಕೆಲವು ವರ್ಷಗಳ ಮೇಲೆ ವೈನಿಯ ತಂಗಿಯ ಮದುವೆ. ಸೌಂಡಿನ ವ್ಯವಸ್ಥೆ ನನ್ನದು. ಆ ಹಾಡು ಹಾಕಬೇಡಿ ಎಂದು ನಾನೇ ಹೇಳಿದ್ದೆ, ಹುಡುಗರು ಕೇಳಲಿಲ್ಲ. ಹಾಕಿದರು. ಹಲಗೆ ನಿಂತಿತು. ಚಪ್ಪರಕ್ಕೆ ಚಪ್ಪರವೇ ಹೋ ಎಂದಿತು. ಮದುಮಗಳು ಹೆಸರು ಹೇಳಿದಳು, ಅವಳ ಹಿಂದೆ ನೆರೆದ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರ ಹೆಸರು ಕೂಗಿದರು. ವೈನಿ ಗುಂಪಿನಂಚಿನಲ್ಲಿ ನಿಂತು, ಕತ್ತು ತುಸು ಓರೆಮಾಡಿ, ಸ್ಪೀಕರಿನ ಕಡೆಗೇ ಕಿವಿಗೊಟ್ಟಿದ್ದರು. ಹಾಡು ಮುಗಿದ ಮೇಲೆ ನನ್ನ ಹತ್ತಿರ ಬಂದರು.

“ಅಣ್ಣಾರ, ಅಲ್ಲೆ ಅವರ ಬಾರಿಸಿದ್ದ ಐತೆಲ್ರಿ?”

“ಐತ್ರಿ ವೈನಿ.”

“ಕೇಳಸಲೇ ಇಲ್ಲ.”

“ಕೇಳಸಂಗಿಲ್ರಿ. ಎಲ್ಲಾರೂ ಒದರ್ತಾರ.”

“ಒದರ್ಲಿ ಬಿಡ್ರಿ. ಅವರವರ ಗಂಡಂದ್ರ ಹೆಸರ, ಒದರೂದ ಚಲೋನ.” ಆಂಪ್ಲಿಫಾಯರಿನ ಗುಂಡಿಗಳ ಕಡೆ ಕೈ ತೋರಿಸಿದರು. “ಮುಂದಿನ ಸಲ ಅಲ್ಲೆ ಒಂದೀಟ ದೊಡ್ಡದ ಮಾಡ್ರಿ,” ಎಂದು ಹೇಳಿ ಪಂಕ್ತಿ ಬಡಿಸಲು ಹೋದರು.

ಒಂದು ಸೀಮೆಗೆ ಸೀಮೆಯೇ ಬಲ್ಲ ಹಾಡು ಅದು. ಅವನು ಒಬ್ಬನೇ ಇರುವ ಜಾಗಕ್ಕಾಗಿಯೇ ಜನ ಅದನ್ನು ಮೆಚ್ಚಿದರು, ಆ ಜಾಗದಲ್ಲಿ ಅವನನ್ನು ಕೇಳಿದವರು ಮಾತ್ರ ಯಾರೂ ಇಲ್ಲ. ಗೋಕಾಕದ ಕಾಲೇಜು ಹುಡುಗನೊಬ್ಬ ಆ ನಿಲುಗಡೆ ಪರದೇಶದ ರಾಕ್ ಬ್ಯಾಂಡುಗಳಿಂದ ಬಂದ ಹಿಕಮತ್ತು ಎಂದು ನನಗೇ ಬಿಡಿಸಿ ಹೇಳಿದ್ದ. ಹೌದಪ್ಪಾ ಎಂದು ಅವನಿಗೆ ಎರಡು ಕ್ಯಾಸೆಟ್ ಮಾರಿದ್ದೆ.

ಈಗ ಕ್ಯಾಸೆಟ್ ಹೋಗಿ ಸಿಡಿ ಬಂದಿದೆ, ಅದೂ ಹೋಗುವ ಹಾಗೆ ಕಾಣುತ್ತದೆ. ಹಾಡು ಯಾವ ಡಬ್ಬಿಯಲ್ಲಿ ಬಂದರೂ ಮದುವೆಗಳಲ್ಲಿ ಸೌಂಡ್ ನಡೆಸುವವರಿಗೆ ನನ್ನದೊಂದು ಮಾತು. ಆ ಹಾಡು ಹಾಕಿದಾಗ ಹರಟೆ ಬಿಟ್ಟು ಆಂಪ್ಲಿಫಾಯರಿನ ಹತ್ತಿರ ಕುಳಿತುಕೊಳ್ಳಿ. ಒಡಪಿನ ಎರಡನೆಯ ಸಾಲು ಶುರುವಾದೊಡನೆ, ಮಂದಿ ಹಿಡಿದುಕೊಂಡ ಮೈಕನ್ನು ಬಂದ್ ಮಾಡಿ. ಕೂಗುವವರಿಗೆ ಮೈಕು ಬೇಕಾಗಿಲ್ಲ, ಅವರ ಗಂಟಲೇ ಸಾಕು. ಹಲಗೆ ನಿಂತ ಕೂಡಲೇ ವಾಲ್ಯೂಮನ್ನು ಪೂರ್ತಿ ತಿರುಗಿಸಿ. ಬೇಸ್ ಮುಟ್ಟಬೇಡಿ, ಟ್ರೆಬಲ್ ಏರಿಸಿ. ಒಂಟಿ ತಂತಿಯ ದನಿ ತೆಳ್ಳಗಿರುತ್ತದೆ, ಅದು ಇರುವುದು ಆ ಕಡೆಯೇ. ತಂತಿಯ ದನಿ ಸವೆಯುತ್ತ ಬಂದಾಗ ಬೇಗ ಇಳಿಸಿಬಿಡಿ. ಹಲಗೆ ಹೇಳಿ ಕೇಳಿ ಬರುವುದಿಲ್ಲ, ಇಳಿಸುವುದು ತಡವಾದರೆ ಸ್ಪೀಕರ್ ಹರಿದುಹೋಗುತ್ತದೆ.